ಮಳೆಗಾಲದ ಫ್ಲಾಸ್ಕಿಗೆ ಯಾವುದು ಸರಿ? ಆ್ಯಪಲ್ ಮಸಾಲೆ ಟೀ ಕುಡಿದು ನೋಡಿ ಬರೆದದ್ದು

ಸೇಬು, ದಾಲ್ಚಿನ್ನಿ, ಲವಂಗ ಹಾಕಿದ ಹರ್ಬಲ್ ಟೀ ಈಗ ಮಂಗಳೂರಿನ ದೊಡ್ಡ ಸೂಪರ್ ಮಾರ್ಕೆಟ್‌ಗಳಲ್ಲಿ ಸಿಗುತ್ತದೆ. ಗ್ರೀನ್ ಟೀ ಸಾಲಿನ ಪಕ್ಕದಲ್ಲೇ ಇರುತ್ತದೆ. ತಗೊಳ್ಳಬಹುದಾ ಅಂತ ಶಾಲೆಯಲ್ಲಿ ಕೆಲವರು ಕೇಳಿದ್ದಾರೆ. ತಗೊಳ್ಳಬಹುದು. ಆದರೆ ಡಬ್ಬಿಯ ಹಿಂಬದಿ ಓದಿ ತಗೊಳ್ಳಿ. ಪದಾರ್ಥಗಳ ಪಟ್ಟಿಯಲ್ಲಿ ಸೇಬು ಮೊದಲು ಇದ್ದರೆ ಒಳ್ಳೆಯದು. ದಾಸವಾಳ ಮೊದಲು ಇದ್ದರೆ ನೀವು ಕುಡಿಯುವುದು ಸೇಬಿನ ವಾಸನೆಯ ಹುಳಿನೀರು, ಅಷ್ಟೇ.

ನನಗೆ ಇದು ಗಂಟಲಿನ ಪ್ರಶ್ನೆ. ಹಗಲು ಹೈಸ್ಕೂಲಿನಲ್ಲಿ ಕನ್ನಡ ಪಾಠ. ಮೇ ಕೊನೆಯ ಪತ್ತನಾಜೆಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿ ಆ ವರ್ಷದ ಆಟ ಮುಗಿಸಿದ ಮೇಲೆ ನಮ್ಮ ಮಹಿಳಾ ತಂಡದ ತಾಳಮದ್ದಳೆ ಶುರು. ನಾನು ಅರ್ಥ ಹೇಳುತ್ತೇನೆ, ಅಂದರೆ ಪಾತ್ರದ ಮಾತು ಆಡುತ್ತೇನೆ. ತಾಳಮದ್ದಳೆಯಲ್ಲಿ ವೇಷ ಇಲ್ಲ, ಕುಣಿತ ಇಲ್ಲ, ಎಲ್ಲವೂ ಮಾತಿನ ಮೇಲೆಯೇ ನಿಂತಿದೆ. ಹಾಡುವ ಭಾಗವತರ ಪದ ಮುಗಿಯುತ್ತಿದ್ದ ಹಾಗೆ ಮಾತು ಎತ್ತಿಕೊಳ್ಳಬೇಕು. ಎದುರಿಗೆ ಕೂತವರು ಚುರುಕಾಗಿದ್ದರೆ ಒಂದೇ ಸಂವಾದ ಅರ್ಧ ಗಂಟೆ ನಡೆಯುತ್ತದೆ. ಹೊರಗೆ ಜೋರು ಮಳೆ, ಮೇಲೆ ತಗಡಿನ ಮಾಡು, ಮೈಕ್ ಕೆಲವೊಮ್ಮೆ ಕೈಕೊಡುತ್ತದೆ. ಆಗ ಸ್ವರ ಒಂದೇ ಗತಿ.

ಹಾಲು ಹಾಕಿದ ಚಾ ಕುಡಿದರೆ ನನಗೆ ಗಂಟಲಲ್ಲಿ ಏನೋ ಅಂಟಿಕೊಂಡ ಹಾಗಾಗುತ್ತದೆ. ರಾತ್ರಿ ಒಂಬತ್ತರ ಮೇಲೆ ಚಾ ಕುಡಿದರೆ ನಿದ್ದೆಯೂ ಬರುವುದಿಲ್ಲ. ಬೆಳಿಗ್ಗೆ ಎದ್ದು ಮತ್ತೆ ಶಾಲೆಗೆ ಓಡಬೇಕು. ಹಾಗಾಗಿ ಹಾಲಿಲ್ಲದ, ಕೆಫೀನ್ ಇಲ್ಲದ, ಫ್ಲಾಸ್ಕಿನಲ್ಲಿ ಎರಡು ಮೂರು ಗಂಟೆ ರುಚಿ ಕೆಡದೆ ಉಳಿಯುವ ಬಿಸಿ ಪಾನೀಯ ಬೇಕಿತ್ತು. ಕೆಳಗೆ ಬರೆದದ್ದೆಲ್ಲ ಈ ಅಗತ್ಯ ಇಟ್ಟುಕೊಂಡು ಕುಡಿದು ನೋಡಿದ್ದು. ಚಳಿಗಾಲದ ಸಂಜೆಗೆ ಬೇಕಾದವರ ಲೆಕ್ಕ ಬೇರೆ ಇರಬಹುದು. ಮಂಗಳೂರಿನಲ್ಲಿ ಅಂಥ ಚಳಿಗಾಲ ಇಲ್ಲ, ಅಲ್ವಾ? ಡಿಸೆಂಬರ್, ಜನವರಿಯಲ್ಲೂ ರಾತ್ರಿ 20 ಡಿಗ್ರಿಯ ಆಸುಪಾಸಿನಲ್ಲೇ ಇರುತ್ತದೆ. ನಮಗೆ ಬಿಸಿ ಬೇಕಾಗುವುದು ಜೂನ್‌ನಿಂದ ಸೆಪ್ಟೆಂಬರ್ ತನಕ, ಬಟ್ಟೆ ಒಣಗದ ದಿನಗಳಲ್ಲಿ.

ಕಂಪೆನಿಗಳ ಹೆಸರು ಬರೆಯುವುದಿಲ್ಲ. ಹೆಸರಿಗಿಂತ ಹಿಂಬದಿಯ ಪಟ್ಟಿಯೇ ಹೆಚ್ಚು ಹೇಳುತ್ತದೆ. ನಮ್ಮ ದೇಶದ ನಿಯಮದ ಪ್ರಕಾರ ಯಾವುದು ತೂಕದಲ್ಲಿ ಜಾಸ್ತಿಯೋ ಅದನ್ನು ಪಟ್ಟಿಯಲ್ಲಿ ಮೊದಲು ಬರೆಯಬೇಕು. ಆಮೇಲೆ ಇಳಿಕೆಯ ಕ್ರಮ. ನಾನು ಬಿಜೈಯ ಒಂದು ಅಂಗಡಿಯಿಂದ ತಂದ ಮೊದಲ ಡಬ್ಬಿಯಲ್ಲಿ ಟೀ ಬ್ಯಾಗ್‌ಗಳಿದ್ದವು. ಪಟ್ಟಿ ಹೀಗಿತ್ತು: ದಾಸವಾಳ, ಸೇಬಿನ ಚೂರು, ಕಾಡು ಗುಲಾಬಿಯ ಕಾಯಿ, ದಾಲ್ಚಿನ್ನಿ, ಹುರಿದ ಚಿಕೋರಿ ಬೇರು, ಕಿತ್ತಳೆ ಸಿಪ್ಪೆ, ಲವಂಗ, ಕೊನೆಗೆ ಫ್ಲೇವರ್. ಡಬ್ಬಿಯ ಮೇಲೆ ಮಾತ್ರ ದೊಡ್ಡ ಸೇಬು. ದಾಸವಾಳ ಅಂದರೆ ನಮ್ಮ ಅಂಗಳದ ಹೂವಲ್ಲ. ಒಂದು ಜಾತಿಯ ದಾಸವಾಳದ ಹೂ ಉದುರಿದ ಮೇಲೆ ಉಳಿಯುವ ಕೆಂಪು, ದಪ್ಪ, ಹುಳಿ ಪುಷ್ಪಪಾತ್ರೆ ಅದು. ಬಣ್ಣವೂ ಹುಳಿಯೂ ಅದರದ್ದೇ. ಹುರಿದ ಚಿಕೋರಿ ನಮಗೆ ಕಾಫಿಪುಡಿಯಿಂದ ಗೊತ್ತಿರುವುದೇ. ಇಲ್ಲಿ ಅದನ್ನು ನೀರಿಗೆ ಸ್ವಲ್ಪ ಮೈ ಕೊಡಲು ಹಾಕುತ್ತಾರೆ.

ಡಬ್ಬಿ ತೆರೆದಾಗ ಬರುವ ಪರಿಮಳ ನಿಜಕ್ಕೂ ಚೆನ್ನಾಗಿದೆ. ಬೇಕರಿಯ ಬಾಗಿಲಲ್ಲಿ ನಿಂತ ಹಾಗೆ. ಆ ಪರಿಮಳ ಬಾಯಿಗೆ ಬರುವುದಿಲ್ಲ, ಅದೇ ಬೇಸರ. ಡಬ್ಬಿಯಲ್ಲಿ ಬರೆದ ಹಾಗೆ ಮೂರು ನಿಮಿಷ ಅದ್ದಿಟ್ಟೆ. ಕಪ್ ತುಂಬ ಕೆಂಪು ಬಣ್ಣ, ನಾಲಿಗೆಗೆ ಹುಳಿ, ಅಷ್ಟೇ. ದಾಲ್ಚಿನ್ನಿ ಎಲ್ಲೋ ದೂರದಲ್ಲಿ. ಇದಕ್ಕೆ ಕಾರಣ ಇದೆ. ದಾಸವಾಳದ ಬಣ್ಣ, ಹುಳಿ ಬಿಸಿನೀರಿಗೆ ಬೇಗ ಇಳಿಯುತ್ತವೆ. ದಾಲ್ಚಿನ್ನಿ ಮರದ ತೊಗಟೆ, ಅದು ನಿಧಾನ. ಒಣ ಸೇಬಿನ ಚೂರು ಇನ್ನೂ ನಿಧಾನ. ಅದು ಮೊದಲು ನೀರು ಕುಡಿದು ಉಬ್ಬಬೇಕು, ಆಮೇಲೆ ಸಿಹಿ ಬಿಡಬೇಕು. ಮೂರು ನಿಮಿಷಕ್ಕೆ ತೆಗೆದರೆ ಅವಸರದವನು ಮಾತ್ರ ಬಂದು ಹೋಗಿರುತ್ತಾನೆ, ಉಳಿದವರು ಇನ್ನೂ ಒಳಗೇ ಇರುತ್ತಾರೆ.

ಎಂಟು ನಿಮಿಷ ಇಟ್ಟರೆ ಬೇರೆಯೇ ಪಾನೀಯ. ಆದರೆ ಮುಚ್ಚಿ ಇಡಬೇಕು. ಇದನ್ನು ಒತ್ತಿ ಹೇಳುತ್ತೇನೆ. ದಾಲ್ಚಿನ್ನಿ, ಲವಂಗ ಎರಡರ ರುಚಿಯೂ ಹಾರಿಹೋಗುವ ಎಣ್ಣೆಯಲ್ಲಿ ಇರುತ್ತದೆ. ತೆರೆದಿಟ್ಟರೆ ಮನೆಗೆಲ್ಲ ಪರಿಮಳ, ಕಪ್ಪಿಗೆ ಬಣ್ಣದ ನೀರು. ಒಂದು ಸ್ಟೀಲ್ ತಟ್ಟೆ ಮುಚ್ಚಿದರೆ ಸಾಕು. ತೆಗೆಯುವಾಗ ತಟ್ಟೆಯ ಅಡಿಯಲ್ಲಿ ಕೂತ ಹನಿಗಳನ್ನು ಕಪ್ಪಿಗೇ ಬೀಳಿಸಿ. ನೀರು ಕುದಿ ಬಂದ ಕೂಡಲೇ ಹೊಯ್ಯಬೇಕು. ಗ್ರೀನ್ ಟೀಗೆ ಹೇಳುವ ಹಾಗೆ ನೀರು ಆರಿಸಿ ಹಾಕುವ ಶಾಸ್ತ್ರ ಇಲ್ಲಿ ಬೇಡ.

ನಗರದ ಒಂದು ಕೆಫೆಯಲ್ಲಿ ಇದೇ ಪಾನೀಯಕ್ಕೆ ಊಟದಷ್ಟು ದುಡ್ಡು ಕೊಟ್ಟಿದ್ದೇನೆ. ಗಾಜಿನ ಕಪ್ಪಿನಲ್ಲಿ ಉಗುರುಬೆಚ್ಚಗಿನ ನೀರು, ಪಕ್ಕದ ತಟ್ಟೆಯಲ್ಲಿ ಬಿಡಿಸದ ಟೀ ಬ್ಯಾಗ್. ಕುದಿಯುವ ನೀರು ಕೊಡಿ ಅಂದೆ. ಮೆಷಿನ್‌ನಲ್ಲಿ ಬರುವುದೇ ಇಷ್ಟು ಮೇಡಂ ಅಂದರು. ಆ ನೀರಲ್ಲಿ ಎಷ್ಟು ಹೊತ್ತು ಇಟ್ಟರೂ ದಾಲ್ಚಿನ್ನಿ ಬಾಯಿ ಬಿಡಲಿಲ್ಲ. ಹೊರಗೆ ಇದನ್ನು ಕುಡಿಯುವುದಾದರೆ ನೀರಿನ ಬಿಸಿ ಮೊದಲು ಕೇಳಿಕೊಳ್ಳಿ. ಇಲ್ಲದಿದ್ದರೆ ದುಡ್ಡು ದಂಡ.

ಎಂಟು ನಿಮಿಷದ ಕಪ್ಪಿನ ರುಚಿ ಹೇಳುತ್ತೇನೆ. ಮೊದಲ ಗುಟುಕು ಹುಳಿ. ನಂತರ ದಾಲ್ಚಿನ್ನಿಯ ಬೆಚ್ಚಗಿನ ಸಿಹಿ. ನುಂಗಿದ ಮೇಲೆ ಲವಂಗ ಗಂಟಲ ಹಿಂಭಾಗದಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತದೆ. ಸೇಬು ರುಚಿಯಲ್ಲಿ ಇಲ್ಲ, ಮೂಗಿನಲ್ಲಿ ಮಾತ್ರ ಇದೆ. ಬಿಸಿ ಇರುವ ತನಕ ಒಳ್ಳೆಯದೇ. ಆರುತ್ತಾ ಬಂದ ಹಾಗೆ ಹುಳಿ ಮೇಲೆ ಬರುತ್ತದೆ, ಹಲ್ಲು ಜುಮ್ಮೆನ್ನುತ್ತದೆ. ಅರ್ಥ ಹೇಳುವ ಮೊದಲು ಇದು ನನಗೆ ಆಗಲಿಲ್ಲ. ಹುಳಿ ಜಾಸ್ತಿಯಾದರೆ ಬಾಯಿ ಒಗರಾಗುತ್ತದೆ, ಮಾತಿನ ನಡುವೆ ಉಗುಳು ನುಂಗಬೇಕಾಗುತ್ತದೆ. ಮನೆಯಲ್ಲಿ ಕೂತು ಕುಡಿಯುವವರಿಗೆ ಅರ್ಧ ಚಮಚ ಬೆಲ್ಲ ಹಾಕಿದರೆ ಸರಿಹೋಗುತ್ತದೆ. ಹಾಲು ಮಾತ್ರ ಹಾಕಬೇಡಿ. ದಾಸವಾಳದ ಹುಳಿಗೆ ಹಾಲು ಒಡೆಯುತ್ತದೆ.

ಎರಡನೆಯದು ಬಿಡಿ ಮಿಶ್ರಣ. ತಗಡಿನ ಡಬ್ಬಿ, ಬೆಲೆ ಮೊದಲನೆಯದಕ್ಕಿಂತ ಜಾಸ್ತಿ. ಇದರ ಪಟ್ಟಿಯಲ್ಲಿ ಸೇಬು ಮೊದಲು. ಬೆರಳ ತುದಿಯಷ್ಟು ದೊಡ್ಡ ಚೂರುಗಳು, ಅಲ್ಲಲ್ಲಿ ಸಿಪ್ಪೆ, ಕೈಯಲ್ಲಿ ಮುರಿದ ದಾಲ್ಚಿನ್ನಿ, ಇಡೀ ಲವಂಗ, ಸ್ವಲ್ಪ ಶುಂಠಿ. ದಾಸವಾಳ ಇದೆ, ಕೆಳಗೆ ಎಲ್ಲೋ ಇದೆ. ದೊಡ್ಡ ಚಮಚದಲ್ಲಿ ಎರಡು ಚಮಚ ಹಾಕಿ ಹತ್ತು ನಿಮಿಷ ಮುಚ್ಚಿಟ್ಟರೆ ಬಣ್ಣ ತಿಳಿ ಕಂದು. ರುಚಿ ಮೆದು, ಸಿಹಿ, ಸ್ವಲ್ಪ ಬೇಯಿಸಿದ ಹಣ್ಣಿನ ಹಾಗೆ. ಹುಳಿ ಕೊನೆಗೆ ಬರುತ್ತದೆ, ಬಂದರೂ ಮಾತಿಗೆ ಅಡ್ಡ ಬರುವುದಿಲ್ಲ. ಇದನ್ನು ನಾನು ಮನಸಾರೆ ಹೊಗಳುತ್ತೇನೆ. ಕಪ್ಪಿನ ಅಡಿಯಲ್ಲಿ ಉಳಿದ ಸೇಬಿನ ಚೂರುಗಳನ್ನು ಮಗಳು ಚಮಚದಲ್ಲಿ ತೆಗೆದು ತಿನ್ನುತ್ತಾಳೆ.

ಇದಕ್ಕೆ ನಮ್ಮ ಊರಲ್ಲಿ ಒಂದೇ ಶತ್ರು, ತೇವ. ಒಣಗಿಸಿದ ಸೇಬು ಗಾಳಿಯ ನೀರನ್ನು ಎಳೆದುಕೊಳ್ಳುತ್ತದೆ. ಜುಲೈಯಲ್ಲಿ ಉಪ್ಪಿನ ಡಬ್ಬಿ ಕೂಡ ನೀರು ಬಿಡುವ ಊರು ಇದು. ಡಬ್ಬಿ ತೆರೆದ ವಾರದಲ್ಲೇ ಚೂರುಗಳು ರಬ್ಬರಿನ ಹಾಗೆ ಮೆತ್ತಗಾದವು. ಮೆತ್ತಗಾದದ್ದು ಕುಡಿಯಲು ತೊಂದರೆ ಇಲ್ಲ, ಆದರೆ ಮುಂದಿನ ಹಂತ ಬೂಸು. ಬೂಸು ಕಂಡರೆ ಆರಿಸಿ ಉಳಿಸಿಕೊಳ್ಳುವ ಆಸೆ ಬೇಡ, ಇಡೀ ಡಬ್ಬಿ ಎಸೆಯಿರಿ. ನಾನು ಈಗ ಮಾಡುವುದು ಇಷ್ಟು: ತಂದ ದಿನವೇ ಚಿಕ್ಕ ಚಿಕ್ಕ ಗಾಜಿನ ಬಾಟಲಿಗಳಿಗೆ ಹಂಚಿ, ಬಿಗಿಯಾಗಿ ಮುಚ್ಚಿ, ಒಂದು ಮಾತ್ರ ಹೊರಗೆ ಇಡುತ್ತೇನೆ. ಒದ್ದೆ ಚಮಚ ಹಾಕುವುದಿಲ್ಲ. ಇಷ್ಟು ಕಷ್ಟ ಬೇಡ ಅನ್ನುವವರು ಮಳೆಗಾಲದಲ್ಲಿ ಟೀ ಬ್ಯಾಗ್ ತಗೊಳ್ಳಿ. ಅದೂ ಒಂದೊಂದು ಬ್ಯಾಗಿಗೂ ಬೇರೆ ಲಕೋಟೆ ಇರುವಂಥದ್ದು. ಬರೀ ಕಾಗದದ ಡಬ್ಬಿಯಲ್ಲಿ ಒಟ್ಟಿಗೆ ತುಂಬಿದ ಬ್ಯಾಗುಗಳು ಇಲ್ಲಿಗೆ ಹೇಳಿದ್ದಲ್ಲ.

ಮೂರನೆಯದು ಪುಡಿ. ಗಲ್ಫಿನಿಂದ ಬರುವ ನೆಂಟರು ತರುತ್ತಾರೆ, ನಿಮ್ಮ ಮನೆಗೂ ಬಂದಿರಬಹುದು. ಟರ್ಕಿಯ ಆ್ಯಪಲ್ ಟೀ ಅಂತ ಬರೆದಿರುತ್ತದೆ. ಬಿಸಿನೀರಿಗೆ ಹಾಕಿ ಕದಡಿದರೆ ಆಯಿತು. ನಮಗೆ ಬಂದದ್ದರ ಪಟ್ಟಿಯಲ್ಲಿ ಮೊದಲು ಸಕ್ಕರೆ, ನಂತರ ಸಿಟ್ರಿಕ್ ಆಮ್ಲ, ನಂತರ ಫ್ಲೇವರ್. ಟರ್ಕಿಯಲ್ಲಿ ಇದನ್ನು ಹೆಚ್ಚಾಗಿ ಪ್ರವಾಸಿಗರಿಗೆ ಕೊಡುತ್ತಾರೆ. ಅಲ್ಲಿಯವರು ದಿನಾ ಕುಡಿಯುವುದು ಕಡುಗೆಂಪು ಬ್ಲ್ಯಾಕ್ ಟೀ. ಮಕ್ಕಳಿಗೆ ಈ ಪುಡಿ ಬಹಳ ಇಷ್ಟ. ಇದು ಬಿಸಿ ಶರಬತ್ತು. ಮಸಾಲೆ ಇಲ್ಲ, ಹಾಗಾಗಿ ಗಂಟಲಿಗೆ ಏನೂ ಸಿಗುವುದಿಲ್ಲ. ಮುಂದೆ ಹೋಗೋಣ.

ಪಟ್ಟಿ ಓದುವಾಗ ಇನ್ನೆರಡು ವಿಷಯ ನೋಡಿ. ಒಂದು, ಕೆಲವು ಆ್ಯಪಲ್ ಮಸಾಲೆ ಡಬ್ಬಿಗಳಲ್ಲಿ ಬ್ಲ್ಯಾಕ್ ಟೀ ಸೇರಿರುತ್ತದೆ. ಒಂದು ಕಪ್ ಬ್ಲ್ಯಾಕ್ ಟೀಯಲ್ಲಿ ಸುಮಾರು 40ರಿಂದ 50 ಮಿಲಿಗ್ರಾಂ ಕೆಫೀನ್ ಇರುತ್ತದೆ. ರಾತ್ರಿಗೆ ಬೇಡವಾದರೆ ಅದನ್ನು ಬಿಡಿ. ದಕ್ಷಿಣ ಆಫ್ರಿಕಾದ ರೂಯ್ಬೋಸ್ ಸೇರಿಸಿದ್ದರೆ ಹೆದರಬೇಡಿ, ಅದರಲ್ಲಿ ಕೆಫೀನ್ ಇಲ್ಲ. ಎರಡು, ಸಕ್ಕರೆ ಹಾಕದೆಯೇ ಸಿಹಿ ಇದ್ದರೆ ಪಟ್ಟಿಯಲ್ಲಿ ಜ್ಯೇಷ್ಠಮಧು ಇದೆಯಾ ನೋಡಿ. ಇಂಗ್ಲಿಷ್ ಪಟ್ಟಿಯಲ್ಲಿ ಲಿಕೊರೈಸ್ ಅಂತ ಇರುತ್ತದೆ. ನಮ್ಮ ಕಡೆ ಹಾಡುವವರು, ಅರ್ಥ ಹೇಳುವವರು ಜ್ಯೇಷ್ಠಮಧುವಿನ ಕಡ್ಡಿಯನ್ನು ಬಾಯಲ್ಲಿ ಇಟ್ಟುಕೊಳ್ಳುವುದು ಉಂಟು. ಗಂಟಲಿಗೆ ಹಿತ, ನಾನೂ ಇಟ್ಟುಕೊಳ್ಳುತ್ತೇನೆ. ಆದರೆ ಅದರಲ್ಲಿರುವ ಗ್ಲಿಸಿರೈಸಿನ್ ಅನ್ನುವ ಸಿಹಿ ಅಂಶ ದಿನವೂ ಜಾಸ್ತಿ ಹೋದರೆ ದೇಹದಲ್ಲಿ ಉಪ್ಪು, ನೀರು ನಿಲ್ಲುತ್ತದೆ, ಪೊಟ್ಯಾಸಿಯಂ ಇಳಿಯುತ್ತದೆ, ಬಿಪಿ ಏರುತ್ತದೆ. ಬಿಪಿ ಮಾತ್ರೆ ತೆಗೆದುಕೊಳ್ಳುವವರು ಇಂಥ ಟೀಯನ್ನು ದಿನಾ ಕುಡಿಯುವ ಮೊದಲು ಡಾಕ್ಟರನ್ನು ಕೇಳಲೇಬೇಕು. ನಮ್ಮ ತಂಡದ ಭಾಗವತರಿಗೆ ಬಿಪಿ ಇದೆ. ಅದಕ್ಕೇ ಜ್ಯೇಷ್ಠಮಧು ಇರುವ ಡಬ್ಬಿಯನ್ನು ನಾನು ಫ್ಲಾಸ್ಕಿಗೆ ಹಾಕುವುದೇ ಇಲ್ಲ.

ದಾಲ್ಚಿನ್ನಿಯ ವಿಷಯ ಸ್ವಲ್ಪ ಉದ್ದ ಹೇಳಬೇಕು. ಈ ಪಾನೀಯದ ಪ್ರಾಣ ಅದು. ಬಂದರಿನ ಮಸಾಲೆ ಅಂಗಡಿಗೆ ಹೋದರೆ ಎರಡು ಥರ ಕಾಣುತ್ತದೆ. ಒಂದು ದಪ್ಪ, ಗಟ್ಟಿ, ಒಂದೇ ಪದರ, ಮುರಿಯಲು ಕುಟ್ಟಾಣಿ ಬೇಕು. ಇನ್ನೊಂದು ಕಾಗದದಂಥ ಪದರಗಳನ್ನು ಸುತ್ತಿದ್ದು, ಬೆರಳಲ್ಲೇ ಪುಡಿಯಾಗುತ್ತದೆ, ಬಣ್ಣ ತಿಳಿ. ಮೊದಲನೆಯದು ಕ್ಯಾಸಿಯ, ಎರಡನೆಯದು ಸಿಲೋನ್. ನಾನು ಯಾವಾಗಲೂ ಹೋಗುವ ಅಂಗಡಿಯವರು ಎರಡನ್ನೂ ಮುರಿದು ಕೈಗೆ ಕೊಟ್ಟರು.

"ಬಿರಿಯಾನಿಗಾದರೆ ಈ ದಪ್ಪದ್ದು ಕೊಂಡುಹೋಗಿ ಟೀಚರ್. ಕುಡಿಯಲಿಕ್ಕಾದರೆ ತೆಳುವಿನದ್ದೇ ಬೇಕು. ಕ್ರಯ ಸ್ವಲ್ಪ ಜಾಸ್ತಿ ಉಂಟು."

"ವ್ಯತ್ಯಾಸ ಎಂತ?"

"ಮೂಗಿಗೆ ಹಿಡಿದು ನೋಡಿ. ದಪ್ಪದ್ದು ಖಾರ ಹೊಡೀತದೆ. ಇದು ಹಾಗಲ್ಲ, ಸಪೂರ."

ಅವರು ಹೇಳಿದ್ದು ಸರಿ. ಕ್ಯಾಸಿಯ ನಾಲಿಗೆಯನ್ನು ಚುರುಗುಟ್ಟಿಸುತ್ತದೆ. ಸಿಲೋನಿನದ್ದು ಮೆದು, ನಿಂಬೆಯ ಹತ್ತಿರದ ಪರಿಮಳ. ರುಚಿಗಿಂತ ದೊಡ್ಡ ಕಾರಣ ಇನ್ನೊಂದು. ಕ್ಯಾಸಿಯದಲ್ಲಿ ಕೂಮರಿನ್ ಅನ್ನುವ ಅಂಶ ಜಾಸ್ತಿ ಇರುತ್ತದೆ, ಸಿಲೋನಿನಲ್ಲಿ ಬಹಳ ಕಡಿಮೆ. ಕೂಮರಿನ್ ಹೆಚ್ಚಾದರೆ ಕೆಲವರ ಲಿವರ್‌ಗೆ ತೊಂದರೆ. ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ ದಿನಕ್ಕೆ ದೇಹದ ತೂಕದ ಒಂದು ಕಿಲೋಗೆ 0.1 ಮಿಲಿಗ್ರಾಂ ಅಂತ ಮಿತಿ ಹೇಳಿದೆ. ವಾರಕ್ಕೊಮ್ಮೆ ಬಿರಿಯಾನಿ ತಿನ್ನುವವರಿಗೆ ಇದರ ಚಿಂತೆ ಬೇಡ. ದಿನವೂ ಫ್ಲಾಸ್ಕ್ ತುಂಬ ದಾಲ್ಚಿನ್ನಿ ನೀರು ಕುಡಿಯುವವರಿಗೆ ಬೇಕು. ಟೀ ಬ್ಯಾಗಿನ ಡಬ್ಬಿಯಲ್ಲಿ ಯಾವ ದಾಲ್ಚಿನ್ನಿ ಅಂತ ಬರೆಯುವುದು ಕಡಿಮೆ. ಬರೆದಿದ್ದರೆ ಆ ಕಂಪೆನಿಗೆ ನನ್ನ ಮೆಚ್ಚುಗೆ.

ಲವಂಗ ಕಡಿಮೆ ಇದ್ದಷ್ಟೂ ಒಳ್ಳೆಯದು. ಅದರ ಯೂಜಿನಾಲ್ ಎಣ್ಣೆ ಹಲ್ಲುನೋವಿನ ಜಾಗವನ್ನು ಮರಗಟ್ಟಿಸುವ ಹಾಗೆ ನಾಲಿಗೆಯನ್ನೂ ಮರಗಟ್ಟಿಸುತ್ತದೆ. ಲವಂಗ ಜಾಸ್ತಿಯಾದ ಟೀ ಕುಡಿದು ವೇದಿಕೆಯಲ್ಲಿ ಕೂತರೆ ಒತ್ತಕ್ಷರಗಳು ಸರಿಯಾಗಿ ಹೊರಡುವುದಿಲ್ಲ. ಒಂದು ಲೀಟರಿಗೆ ಎರಡು ಲವಂಗ ಸಾಕು.

ಈಗ ಮನೆಯಲ್ಲಿ ಮಾಡಿದ್ದು. ಅಂಗಡಿಯ ಡಬ್ಬಿಯಲ್ಲಿ ಹುಳಿ ಕೊಡುವುದು ದಾಸವಾಳ ಅಂತ ಗೊತ್ತಾದ ಮೇಲೆ ನನಗೆ ಬಂದ ಯೋಚನೆ ಒಂದೇ: ನಮ್ಮ ಮನೆಯಲ್ಲಿ ಪುನರ್ಪುಳಿ (ಕೋಕಂ) ಇರುವಾಗ ಅದು ಯಾಕೆ? ಬಣ್ಣವೂ ಬರುತ್ತದೆ, ಹುಳಿಯೂ ಬರುತ್ತದೆ. ಪುನರ್ಪುಳಿಯ ಹುಳಿ ದುಂಡಗಿನದ್ದು, ದಾಸವಾಳದ ಹಾಗೆ ಹಲ್ಲಿಗೆ ತಾಗುವುದಿಲ್ಲ. ಆಗಸ್ಟ್ ಬಂತೆಂದರೆ ಹಿಮಾಚಲದ ಸೇಬು ನಮ್ಮ ಮಾರ್ಕೆಟ್ಟಿಗೂ ಬರುತ್ತದೆ. ಅಲ್ಲಿಯ ಕೋಟ್‌ಗಢದಲ್ಲಿ ಅಮೆರಿಕದಿಂದ ಬಂದು ನೆಲೆಸಿದ ಸ್ಯಾಮುಯೆಲ್ ಸ್ಟೋಕ್ಸ್ 1916ರ ಸುಮಾರಿಗೆ ತಂದು ನೆಟ್ಟ ಕೆಂಪು ಡೆಲಿಶಿಯಸ್ ಜಾತಿಯೇ ಹಿಮಾಚಲದ ಸೇಬಿಗೆ ಹೆಸರು ತಂದದ್ದು. ತಿನ್ನಲು ಚೆನ್ನ, ಆದರೆ ಅದರಲ್ಲಿ ಹುಳಿ ಕಡಿಮೆ. ಬರೀ ಆ ಸೇಬನ್ನು ಕುದಿಸಿದರೆ ಸಪ್ಪೆ ಸಿಹಿನೀರು. ಪುನರ್ಪುಳಿ ಸೇರಿದಾಗ ಸೇಬಿಗೆ ಎಲುಬು ಬರುತ್ತದೆ.

ಒಂದು ಲೀಟರ್ ನೀರಿಗೆ ಒಂದು ಸೇಬು, ಸಿಪ್ಪೆ ಸಮೇತ ತೆಳುವಾಗಿ ಹೆಚ್ಚಿದ್ದು. ಸಿಪ್ಪೆಯಲ್ಲೇ ಪರಿಮಳ ಇರುವುದು, ಅದಕ್ಕೇ ಬಿಡಬಾರದು. ಆದರೆ ಮೇಣ ಹಚ್ಚಿ ಹೊಳೆಯುವ ಹಣ್ಣಾದರೆ ಬಿಸಿನೀರಲ್ಲಿ ಚೆನ್ನಾಗಿ ತಿಕ್ಕಿ ತೊಳೆಯಿರಿ. ಬೆರಳುದ್ದದ ಸಿಲೋನ್ ದಾಲ್ಚಿನ್ನಿ, ಎರಡು ಲವಂಗ, ಜಜ್ಜಿದ ಸಣ್ಣ ತುಂಡು ಶುಂಠಿ. ಸಣ್ಣ ಉರಿಯಲ್ಲಿ, ಮುಚ್ಚಿ, ಇಪ್ಪತ್ತು ನಿಮಿಷ. ಸೇಬು ಕರಗುತ್ತಾ ಬಂದು ಅದರ ಪೆಕ್ಟಿನ್ ನೀರಿಗೆ ಇಳಿಯುತ್ತದೆ. ಗುಟುಕಿಗೆ ಮೈ ಬರುವುದು ಆಗಲೇ. ಟೀ ಬ್ಯಾಗಿನಲ್ಲಿ ಸಿಗದ್ದು ಇದೇ. ಉರಿ ಆರಿಸಿದ ಮೇಲೆ ಒಣ ಪುನರ್ಪುಳಿ ಸಿಪ್ಪೆ ನಾಲ್ಕೈದು ಹಾಕಿ ಐದು ನಿಮಿಷ ಬಿಡಿ. ಕುದಿಸುವಾಗಲೇ ಹಾಕಿದರೆ ಹುಳಿ ಏರಿಬಿಡುತ್ತದೆ. ಸೋಸಿ, ಸಿಗುವುದಾದರೆ ಓಲೆಬೆಲ್ಲ ಸೇರಿಸಿ. ಕುಂದಾಪುರದ ಕಡೆಯಿಂದ ನಾದಿನಿ ಕಳಿಸುತ್ತಾಳೆ, ಅದರ ಹೊಗೆಯ ವಾಸನೆ ದಾಲ್ಚಿನ್ನಿಗೆ ಬಹಳ ಚೆನ್ನಾಗಿ ಹೊಂದುತ್ತದೆ. ಇಲ್ಲದಿದ್ದರೆ ಮಾಮೂಲಿ ಬೆಲ್ಲ.

ಇದನ್ನು ಸುರತ್ಕಲ್ ಕಡೆಯ ಒಂದು ಸಭಾಭವನದ ಕಾರ್ಯಕ್ರಮಕ್ಕೆ ತೆಗೆದುಕೊಂಡು ಹೋದೆ. ಆ ದಿನ ನನಗೆ ತಾರೆಯ ಅರ್ಥ. ವಾಲಿಯನ್ನು ತಡೆಯುವ ಮಾತು, ಆಮೇಲೆ ಅವನು ಬಿದ್ದ ಮೇಲಿನ ಅಳು. ಎರಡಕ್ಕೂ ಬೇರೆ ಬೇರೆ ಸ್ವರ ಬೇಕು. ಒಂದು ಫ್ಲಾಸ್ಕಿನಲ್ಲಿ ತಗಡಿನ ಡಬ್ಬಿಯ ಬಿಡಿ ಮಿಶ್ರಣ, ಇನ್ನೊಂದರಲ್ಲಿ ಮನೆಯದ್ದು. ಯಾವುದು ಯಾವುದು ಅಂತ ಹೇಳದೆ ಎಲ್ಲರಿಗೂ ಕಾಲು ಗ್ಲಾಸ್ ಕೊಟ್ಟೆ.

ಭಾಗವತರು ಎರಡನ್ನೂ ನಿಧಾನವಾಗಿ ಕುಡಿದರು. "ಇದು ಪರಿಮಳ ಜಾಸ್ತಿ ಟೀಚರ್, ಅದು ಗಂಟಲಿಗೆ ಹಿಡೀತದೆ. ಪದ ಹೇಳ್ಲಿಕ್ಕೆ ನನಗೆ ಅದೇ ಕೊಡಿ" ಅಂದರು. ಅದು ಅಂದದ್ದು ಪುನರ್ಪುಳಿ ಹಾಕಿದ್ದನ್ನು.

ಮದ್ದಳೆಯವರಿಗೆ ಎರಡೂ ಅಷ್ಟಕ್ಕಷ್ಟೆ. "ಎಂತ ಅಕ್ಕ, ಒಂದು ಚಾ ಇಲ್ವಾ?" ಅಂತ ಕೇಳಿದರು. ವಾಲಿಯ ಅರ್ಥ ಹೇಳುವ ಗೆಳತಿ ಮಾತ್ರ ಅಂಗಡಿಯದ್ದನ್ನೇ ಮೆಚ್ಚಿದಳು. ಅವಳಿಗೆ ಹುಳಿ ಅಂದರೆ ಆಗುವುದಿಲ್ಲ. ಅವಳ ಮಾತಿಗೂ ಬೆಲೆ ಇದೆ. ಬಿಡಿ ಮಿಶ್ರಣ ನಿಜಕ್ಕೂ ಹೆಚ್ಚು ಮೆದು.

ಫ್ಲಾಸ್ಕಿಗೆ ಹಾಕುವವರಿಗೆ ಕೆಲವು ಮಾತು. ಟೀ ಬ್ಯಾಗನ್ನು, ಚಕ್ಕೆ ಲವಂಗವನ್ನು ಒಳಗೆ ಬಿಟ್ಟು ಮುಚ್ಚಬೇಡಿ. ಎರಡು ಗಂಟೆಯಲ್ಲಿ ಮರದ ಕಹಿ ಬಂದುಬಿಡುತ್ತದೆ. ಸೋಸಿಯೇ ತುಂಬಿ. ಒಳಗೆ ಸ್ಟೀಲ್ ಇರುವ ಫ್ಲಾಸ್ಕ್ ಒಳ್ಳೆಯದು, ಆದರೆ ಮುಚ್ಚಳದ ರಬ್ಬರಿಗೆ ಲವಂಗದ ವಾಸನೆ ಹಿಡಿಯುತ್ತದೆ. ಮರುದಿನ ಅದರಲ್ಲಿ ಕಾಫಿ ಹಾಕಿದರೆ ಕಾಫಿಯೂ ಲವಂಗ. ಇದಕ್ಕೇ ಅಂತ ಒಂದು ಬೇರೆ ಇಡಿ. ಇನ್ನು, ಒಳ್ಳೆಯ ಫ್ಲಾಸ್ಕ್ ಬಿಸಿಯನ್ನು ತುಂಬ ಹೊತ್ತು ಹಿಡಿದಿಡುತ್ತದೆ. ಸುಡುವುದನ್ನು ಹಾಗೆಯೇ ಗಂಟಲಿಗೆ ಇಳಿಸುವ ಅಭ್ಯಾಸ ನಮ್ಮಲ್ಲಿ ಹಲವರಿಗೆ ಇದೆ. 65 ಡಿಗ್ರಿಗಿಂತ ಬಿಸಿಯಾದ ಪಾನೀಯಗಳು ಅನ್ನನಾಳದ ಕ್ಯಾನ್ಸರಿಗೆ ಕಾರಣವಾಗುವ ಸಂಭವ ಇದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2016ರಲ್ಲಿ ಹೇಳಿದೆ. ಗ್ಲಾಸಿಗೆ ಹೊಯ್ದು, ಒಂದು ಪದ ಮುಗಿಯುವಷ್ಟು ಹೊತ್ತು ಬಿಟ್ಟು ಕುಡಿಯಿರಿ. ಸ್ವರಕ್ಕೂ ಅದೇ ಒಳ್ಳೆಯದು.

ಇಷ್ಟೆಲ್ಲ ಹೇಳಿ ಕಷಾಯದ ಮಾತು ಎತ್ತದಿದ್ದರೆ ಉಡುಪಿಯ ಕಡೆಯವರು ನನ್ನನ್ನು ಬಿಡುವುದಿಲ್ಲ. ನನ್ನ ತವರು ಕಾಪು. ಅಲ್ಲಿ ಅಮ್ಮ ಮಾಡುವ ಕಷಾಯದ ಪುಡಿಗೆ ಕೊತ್ತಂಬರಿ ಎರಡು ಪಾಲು, ಜೀರಿಗೆ ಒಂದು ಪಾಲು, ಆಮೇಲೆ ಕಾಳುಮೆಣಸು, ಸ್ವಲ್ಪ ಮೆಂತೆ, ಒಣಶುಂಠಿ, ಏಲಕ್ಕಿ, ತುಂಡು ಜಾಯಿಕಾಯಿ. ಬೇರೆ ಬೇರೆಯಾಗಿ, ಪರಿಮಳ ಬರುವಷ್ಟೇ ಹುರಿದು ಪುಡಿ ಮಾಡುತ್ತಾರೆ. ಬೆಲ್ಲ ಹಾಕಿ ಕುದಿಸಿ, ಕೊನೆಗೆ ಹಾಲು. ಉಡುಪಿ ರಥಬೀದಿಯ ಸುತ್ತಮುತ್ತಲಿನ ಹೋಟೆಲುಗಳಲ್ಲಿ ಚಾ, ಕಾಫಿ ಬೇಡ ಅಂದವರಿಗೆ ಕಷಾಯ ಸಿಗುತ್ತದೆ. ಅಲ್ಲಿ ಸಿಹಿ ಸ್ವಲ್ಪ ಮುಂದೆ ಇರುತ್ತದೆ, ಮೆಣಸು ಹಿಂದೆ. ಬೆಳಿಗ್ಗೆ ಇಡ್ಲಿಯ ಮೇಲೆ ಕುಡಿಯಲು ಅದಕ್ಕೆ ಸಾಟಿ ಇಲ್ಲ. ಆ್ಯಪಲ್ ಟೀ ಆ ಜಾಗಕ್ಕೆ ಬರಲಾರದು, ಬರಬೇಕಾಗಿಯೂ ಇಲ್ಲ.

ನಿಜವಾಗಿ ಶೀತ ಆಗಿ ಗಂಟಲು ಕಟ್ಟಿದ ದಿನ ಡಬ್ಬಿ ತೆರೆಯಬೇಡಿ. ಆ ದಿನ ಹಾಲಿಲ್ಲದ ಕಷಾಯ, ಮೆಣಸು ಜಾಸ್ತಿ ಹಾಕಿ, ತುಳಸಿಯೋ ದೊಡ್ಡಪತ್ರೆಯೋ ಕೈಗೆ ಸಿಕ್ಕಿದ್ದು ಸೇರಿಸಿ. ಆ್ಯಪಲ್ ಟೀಯಲ್ಲಿ ಖಾರವೇ ಇಲ್ಲ, ಕಟ್ಟಿದ ಮೂಗನ್ನು ಅದು ಮುಟ್ಟುವುದೂ ಇಲ್ಲ. ಎರಡು ಮೂರು ದಿನದಲ್ಲಿ ಸ್ವರ ಬಾರದಿದ್ದರೆ ಯಾವ ಪಾನೀಯವನ್ನೂ ನಂಬದೆ ಡಾಕ್ಟರ್ ಹತ್ತಿರ ಹೋಗಿ. ಮಾತನ್ನೇ ಕಸುಬು ಮಾಡಿಕೊಂಡ ನಾವು ಇದರಲ್ಲಿ ಬಹಳ ಅಸಡ್ಡೆ ಮಾಡುತ್ತೇವೆ.

ತುಳುವರ ಆಟಿ ತಿಂಗಳ ಅಮಾವಾಸ್ಯೆಯ ಹಾಲೆ ಮರದ ಕಷಾಯವನ್ನು ರುಚಿ ನೋಡುವ ಸಾಲಿಗೆ ಸೇರಿಸುವುದಿಲ್ಲ. ಅದು ವರ್ಷಕ್ಕೊಮ್ಮೆ, ಕಹಿ ಕಹಿಯಾಗಿ ನುಂಗಿ, ಮೇಲಿಂದ ಮೆಂತೆ ಗಂಜಿ ಉಣ್ಣುವ ಆಚರಣೆ. ಹೇಳಬೇಕಾದ್ದು ಒಂದೇ. ಕತ್ತಲಲ್ಲಿ ಹೋಗಿ ತೊಗಟೆ ತರುವಾಗ ಮರದ ಗುರುತು ಸರಿಯಾಗಿ ಗೊತ್ತಿರುವವರು ಜೊತೆಗೆ ಇರಲೇಬೇಕು. ಹಾಲೆ ಅಂತ ತಪ್ಪಿ ಕಾಸರ್ಕನ ಮರದ ತೊಗಟೆ ತಂದರೆ ಅದು ವಿಷ. ಹಿಂದಿನ ದಿನ ಹಗಲಲ್ಲೇ ಮರ ನೋಡಿ ಗುರುತು ಮಾಡಿಟ್ಟುಕೊಳ್ಳಿ.

ಕಾಶ್ಮೀರದ ಕಾಹ್ವಾ ಬಗ್ಗೆಯೂ ಕೆಲವರು ಕೇಳುತ್ತಾರೆ. ಕೇಸರಿ, ಏಲಕ್ಕಿ, ದಾಲ್ಚಿನ್ನಿ, ಮೇಲೆ ಬಾದಾಮಿ ಚೂರು. ತುಂಬ ಚೆಂದದ ಪಾನೀಯ, ನನಗೆ ಬಹಳ ಇಷ್ಟ. ಆದರೆ ಅದರ ತಳದಲ್ಲಿ ಇರುವುದು ಗ್ರೀನ್ ಟೀ, ಅಂದರೆ ಕೆಫೀನ್ ಇದೆ. ಸಂಜೆ ಐದಕ್ಕೆ ಸರಿ, ರಾತ್ರಿ ಹತ್ತಕ್ಕೆ ಬೇಡ. ಬಾದಾಮಿ ಚೂರು ಮಾತಿನ ನಡುವೆ ಗಂಟಲಿಗೆ ಸಿಕ್ಕಿದರೆ ಅದೂ ಕಷ್ಟ.

ಹಾಗಾದರೆ ಏನು ತಗೊಳ್ಳುವುದು? ಕೆಲಸದಿಂದ ಬಂದು ಒಬ್ಬರೇ ಒಂದು ಕಪ್ ಕುಡಿಯುವವರು, ಒಲೆ ಹಚ್ಚುವ ಮನಸ್ಸಿಲ್ಲದವರು ಲಕೋಟೆಯ ಟೀ ಬ್ಯಾಗ್ ತಗೊಳ್ಳಿ, ಎಂಟು ನಿಮಿಷ ಮುಚ್ಚಿಡಿ. ದೊಡ್ಡ ಲೋಟವಾದರೆ ಎರಡು ಬ್ಯಾಗ್ ಹಾಕಿ. ಹಾಸ್ಟೆಲಿನಲ್ಲಿರುವ ಮಣಿಪಾಲದ ಮಕ್ಕಳಿಗೂ ಇದೇ ಸರಿ, ಒಂದು ಕೆಟಲ್ ಸಾಕು. ನೆಂಟರು ಬಂದಾಗ ಬೇರೆ ಏನಾದರೂ ಕೊಡಬೇಕು ಅನ್ನುವವರು ಸೇಬು ಮೊದಲಿರುವ ಬಿಡಿ ಮಿಶ್ರಣ ತನ್ನಿ. ಗಾಜಿನ ಲೋಟದಲ್ಲಿ ನೋಡಲೂ ಚೆಂದ. ನನ್ನ ಫ್ಲಾಸ್ಕಿನಲ್ಲಿ ಉಳಿದದ್ದು ಪುನರ್ಪುಳಿಯ ಪಾನೀಯ. ಸೇಬಿನ ಕ್ರಯ ಏರಿದಾಗ ಸೇಬು ಬಿಟ್ಟು ಮಾಡುತ್ತೇನೆ. ಆಗ ಮೈ ಸ್ವಲ್ಪ ಕಡಿಮೆ, ಆದರೂ ಕೆಲಸ ನಡೆಯುತ್ತದೆ.

ಪುನರ್ಪುಳಿ ಸಿಪ್ಪೆ ಮಾತ್ರ ಒಳ್ಳೆಯದು ಬೇಕು. ಅಂಗಡಿಯಲ್ಲಿ ಸಿಗುವ ಕೆಲವು ಸಿಪ್ಪೆಗೆ ಉಪ್ಪು ಹಾಕಿರುತ್ತಾರೆ. ಅದು ಸಾರಿಗೆ ಸರಿ, ಇದಕ್ಕೆ ಆಗುವುದಿಲ್ಲ. ಉಪ್ಪಿಲ್ಲದ್ದು ಕೊಡಿ ಅಂತ ಕೇಳಿ, ಒಂದು ಚೂರು ಬಾಯಿಗೆ ಹಾಕಿ ನೋಡಿಯೇ ತಗೊಳ್ಳಿ. ಮುರಿದಾಗ ಒಳಗೆ ಕಡುಕೆಂಪು ಇರಬೇಕು, ಕಪ್ಪಗೆ ಅಂಟಂಟಾಗಿದ್ದರೆ ಹಳತು. ಹಣ್ಣು ಆಗುವುದು ಏಪ್ರಿಲ್, ಮೇಯಲ್ಲಿ. ಗೊತ್ತಿರುವವರ ತೋಟ ಇದ್ದರೆ ಮಳೆ ಹಿಡಿಯುವ ಮೊದಲೇ ಹೇಳಿಟ್ಟು ಒಣಗಿಸಿಕೊಳ್ಳಿ. ಮೊದಲ ಮಳೆ ಬಿದ್ದ ಮೇಲೆ ಒಣಗಿಸಿದ ಸಿಪ್ಪೆ ಶ್ರಾವಣದ ತನಕ ಉಳಿಯುವುದಿಲ್ಲ.